ಓದಿದೆ ಎಂದು ಭಾವಿಸೋಣ

ಮೇ 6, ಮಂಗಳವಾರ

ಪಾಳಿ ಮುಗಿಸಿ ಬಂದು ಕಾರಿನಲ್ಲೇ ಕೂತಿದ್ದೇನೆ. ಒಳಗೆ ಮಾತಾಡಿದರೆ ಅಮ್ಮ ಎದ್ದುಬಿಡುತ್ತಾಳೆ. ನಮ್ಮ ಬಾಡಿಗೆ ಮನೆಯ ಗೋಡೆ ಬಿಸ್ಕತ್ತಿನಷ್ಟು ದಪ್ಪ. ಬರೆಯೋಣವೆಂದರೆ, ಇಡೀ ಪಾಳಿ ಕಿತ್ತಳೆ ಆರಿಸಿದ ಬೆರಳು ಪೆನ್ನು ಹಿಡಿಯಲು ಒಪ್ಪುವುದಿಲ್ಲ. ಹಾಗಾಗಿ ಫೋನಿಗೆ ಹೇಳಿಕೊಳ್ಳುತ್ತಿದ್ದೇನೆ. ಯಾರೂ ಕೇಳುವುದಿಲ್ಲ, ಮನಸಾರೆ ಬೈಯಬಹುದು.

ಇವತ್ತು ಬೈಯಬೇಕಾದದ್ದು ರಸ್ ಟ್ರೆಲೋರ್‌ನನ್ನು. ನದಿ ಪಕ್ಕದ ಕಿತ್ತಳೆ ತೋಟದ ಮಾಲೀಕ, ಎಷ್ಟೋ ವರ್ಷದಿಂದ ಈ ಯಾರಂಬಿ ಊರಿನ ಕೌನ್ಸಿಲರ್. ಪ್ಯಾಕಿಂಗ್ ಶೆಡ್ಡಿನ ರೇಡಿಯೋದಲ್ಲಿ ಅವನ ದನಿ ಬಂತು.

"ಯಾರಂಬಿ ಲೈಬ್ರರಿ ಮುಚ್ಚೋದೇ ಸರಿ. ರಾಜ್ಯ ಸರ್ಕಾರ ತನ್ನ ಪಾಲು ಏರಿಸ್ತಿಲ್ಲ, ನಾವು ಎಲ್ಲಿಂದ ತರೋಣ? ಸೂಪರ್ ಮಾರ್ಕೆಟ್ ಪಕ್ಕ ಲಾಕರ್ ಇಡ್ತೀವಿ. ಪುಸ್ತಕ ಬೇಕಾದೋರು ಫೋನಲ್ಲಿ ಹೆಸರು ಹೇಳ್ಲಿ, ಬಂದು ತಗೊಂಡೋಗ್ಲಿ. ಈಗಿರೋದು ಲೈಬ್ರರಿ ಅಲ್ಲ ಗುರೂ, ಕೆಲ್ಸ ಇಲ್ದೋರು ಮೈ ಕಾಯಿಸ್ಕೊಳ್ಳೋ ರೂಮು."

ಪಕ್ಕದಲ್ಲಿ ನಿಂತು ಹಣ್ಣು ಆರಿಸುತ್ತಿದ್ದ ಸೇಲಿ ನಕ್ಕಳು. ಟೊಂಗಾ ದ್ವೀಪದವಳು, ಅವಳಿಗೆ ಎಲ್ಲದಕ್ಕೂ ನಗು. "ಮ್ಯಾಜ್, ನಿನ್ನ ಬಗ್ಗೇನೇ ಹೇಳ್ತಿದಾನೆ ಕಣೇ" ಎಂದಳು. ನನ್ನ ಹೆಸರು ಮಾಸೂಮಾ. ಇಲ್ಲಿನವರಿಗೆ ಮೂರು ಅಕ್ಷರ ಜಾಸ್ತಿಯಾಯಿತು, ಮ್ಯಾಜ್ ಮಾಡಿಕೊಂಡಿದ್ದಾರೆ.

ನನ್ನ ಬಗ್ಗೆಯೇ ನಿಜ. ನಮ್ಮ ಬೆಟ್ಟದ ನಾಡು ಜಾಗೋರಿಯಿಂದ ನಾನು, ಅಮ್ಮ ಈ ದೇಶಕ್ಕೆ ಬಂದಿಳಿದ ಮೊದಲ ಚಳಿಗಾಲ ಮನೆಯ ಹೀಟರ್ ಕೆಟ್ಟಿತ್ತು. ದಿನವೂ ಆ ಲೈಬ್ರರಿಯಲ್ಲಿ ಕೂರುತ್ತಿದ್ದೆವು. ಲೈಬ್ರರಿಯ ಡೆಲ್‌ವೀನ್ ಒಂದು ಮಾತೂ ಕೇಳಲಿಲ್ಲ. ಎರಡು ಕುರ್ಚಿಗಳನ್ನು ಹೀಟರಿನ ಕಡೆ ತಿರುಗಿಸಿಟ್ಟು ಹೋದಳು.

ಆದರೆ ನನಗೇನು. ಜುಲೈ ಮೊದಲ ವಾರ ನಾನು ಅಡಿಲೇಡಿಗೆ ಹೊರಡುವವಳು. ಚಿಕ್ಕಪ್ಪನ ಮಗಳು ಝಹ್ರಾ ಅಲ್ಲಿ ಕೋಣೆ ನೋಡಿಟ್ಟಿದ್ದಾಳೆ. ಇವರ ಊರು, ಇವರ ಕಿತ್ತಳೆ, ಇವರ ಲೈಬ್ರರಿ. ಉಳಿಸಿಕೊಂಡರೆ ಉಳಿಸಿಕೊಳ್ಳಲಿ. ಅಮ್ಮ ಮಾತ್ರ ಅಡಿಲೇಡಿಗೆ ಬರಲೊಲ್ಲೆ ಎನ್ನುತ್ತಾಳೆ. ಬುಧವಾರ ಸಂಜೆ ಲೈಬ್ರರಿಯಲ್ಲಿ ಅವಳಿಗೆ ಓದು ಕಲಿಸುತ್ತಾರೆ, ಅದು ತಪ್ಪುತ್ತದಂತೆ.

ಇಲ್ಲಿ ಮೇ ಅಂದರೆ ಚಳಿ. ಸಾಕು.

ಮೇ 9, ಶುಕ್ರವಾರ

ಬೆಳಿಗ್ಗೆ ಲೈಬ್ರರಿಗೆ ಹೋಗಿದ್ದೆ. ಡೆಲ್‌ವೀನ್ ವಾಪಸು ಬಂದ ಪುಸ್ತಕಗಳನ್ನು ಗಾಡಿಗೆ ಜೋಡಿಸುತ್ತಿದ್ದಳು. ಎತ್ತರದ ಹೆಂಗಸು, ಕನ್ನಡಕ ಸದಾ ತಲೆಯ ಮೇಲೆ.

"ಏನ್ಮಾಡ್ತೀಯ ಈಗ?" ಎಂದೆ.

"ಈಗ ಅಡುಗೆ ಪುಸ್ತಕ ಜೋಡಿಸ್ತೀನಿ."

"ಅದಲ್ಲ. ಮುಚ್ತಾರಂತಲ್ಲ."

"ಚಿನ್ನಾ, ನಾನು ಕೌನ್ಸಿಲ್ ನೌಕರಿ ಮಾಡೋಳು. ಕೌನ್ಸಿಲ್ ವಿರುದ್ಧ ನಾನು ಬಾಯಿ ಬಿಡೋ ಹಾಗಿಲ್ಲ. ಒಂದು ಮಾತಾಡಿದ್ರೂ ಲೈಬ್ರರಿಗಿಂತ ಮೊದ್ಲು ನಾನು ಮನೆಗೆ."

"ಮತ್ತೆ ಸುಮ್ನಿರ್ತೀಯಾ?"

"ಸುಮ್ನಿರ್ತೀನಿ. ಆದ್ರೆ ಯಾರಾದ್ರೂ ಬಂದು, ಕೌನ್ಸಿಲ್ ಸಭೇಲಿ ಊರಿನೋರು ಮಾತಾಡೋದು ಹೇಗೆ ಅಂತ ಕೇಳಿದ್ರೆ ತೋರಿಸ್ಲೇಬೇಕು. ಅದು ನನ್ನ ಕೆಲಸ." ಅಷ್ಟು ಹೇಳಿ ಅಡುಗೆ ಪುಸ್ತಕ ಜೋಡಿಸತೊಡಗಿದಳು.

ನಾನು ನಿಂತೇ ಇದ್ದೆ. ಅವಳೂ ಕಾಯುತ್ತಿದ್ದಳು, ಮುಖ ಮಾತ್ರ ಪುಸ್ತಕದ ಕಡೆ.

ಕಿಟಕಿ ಪಕ್ಕ ಪೇಪರ್ ಓದುತ್ತಿದ್ದ ಮನೋಲಿಸ್ ಅಲ್ಲಿಂದಲೇ ಕೂಗಿದ. "ಕೇಳೇ ಪುಟ್ಟೀ, ಇಲ್ದಿದ್ರೆ ಇವ್ಳು ಸಂಜೆವರೆಗೂ ಅದನ್ನೇ ಜೋಡಿಸ್ತಾಳೆ." ಅವನಿಗೆ ಎಂಬತ್ತರ ಮೇಲಾಗಿದೆ. ತೋಟ ಮಗನಿಗೆ ಬಿಟ್ಟು ದಿನಾ ಇಲ್ಲಿಗೆ ಬಂದು ಗ್ರೀಕ್ ಪೇಪರ್ ಓದುತ್ತಾನೆ, ಅದು ಇಲ್ಲದ ದಿನ ಬೇರೆ ಯಾವುದನ್ನಾದರೂ ಓದಿ ಬೈಯುತ್ತಾನೆ.

ಕೇಳಿದೆ. ಮೊದಲೇ ಮೇಯರ್‌ಗೆ ತಿಳಿಸಿದರೆ ಸಭೆಯಲ್ಲಿ ಮೂರು ನಿಮಿಷ ಕೊಡುತ್ತಾರಂತೆ. ಬಜೆಟ್ ತೀರ್ಮಾನ ಜೂನ್ ಹದಿನೇಳಕ್ಕೆ.

ಕೇಳಿದ್ದು ಸುಮ್ಮನೆ. ಮಾತಾಡುವವರು ಈ ಊರಿನಲ್ಲಿ ಬೇಕಾದಷ್ಟು ಜನ ಇದ್ದಾರೆ.

ಮೇ 20, ಮಂಗಳವಾರ

ಸೇಲಿ ಜೊತೆ ಪಾಳಿ ಬದಲಿಸಿಕೊಂಡು ಕೌನ್ಸಿಲ್ ಸಭೆ ನೋಡಲು ಹೋಗಿದ್ದೆ. ನೋಡಲು ಅಷ್ಟೇ. ಮನೋಲಿಸ್ ಮಡಚುವ ಕುರ್ಚಿ, ಫ್ಲಾಸ್ಕು, ಆಲಿವ್ ಡಬ್ಬಿ ತಂದಿದ್ದ.

ಒಂಬತ್ತು ಜನ ಉದ್ದ ಮೇಜಿನ ಹಿಂದೆ ಕೂರುತ್ತಾರೆ. ಪ್ರತಿ ವಿಷಯಕ್ಕೂ ಒಂದು ಕಟ್ಟು ಕಾಗದ. ನಿಯಮದ ಪ್ರಕಾರ ಮಂಡಿಸುವವರು ನಿರ್ಣಯವನ್ನು ಜೋರಾಗಿ ಓದಬೇಕು. ಮೇಯರ್ ಕನ್ನಡಕ ಏರಿಸುವಷ್ಟರಲ್ಲಿ ರಸ್ ಟ್ರೆಲೋರ್ ಕೈ ಎತ್ತಿರುತ್ತಾನೆ.

"ಓದಿದೆ ಎಂದು ಭಾವಿಸೋಣ, ಮೇಯರ್."

ಎಲ್ಲರೂ ಹೂಂ ಎನ್ನುತ್ತಾರೆ, ಮುಂದಿನದಕ್ಕೆ ಹೋಗುತ್ತಾರೆ. ರಸ್ತೆ ದೀಪ, ಓದಿದೆ ಎಂದು ಭಾವಿಸೋಣ. ಕಸದ ಗಾಡಿ, ಓದಿದೆ ಎಂದು ಭಾವಿಸೋಣ. ಈಜುಕೊಳದ ಬೇಲಿಗೂ ಅದೇ. ಅವನ ಎದುರಿನ ಕಾಗದದ ಕಟ್ಟು ಮನೆಯಿಂದ ತಂದ ಹಾಗೇ ರಬ್ಬರ್ ಬ್ಯಾಂಡಿನಲ್ಲಿ ಕೂತಿತ್ತು.

"ರಸ್ ಇದ್ರೆ ಹೊತ್ತಿಗೆ ಸರಿಯಾಗಿ ಊಟ" ಎಂದು ಹಿಂದೆ ಕೂತವರು ಮೆಚ್ಚಿಕೊಂಡರು. ಊರಿಗೆಲ್ಲ ಅವನ ಈ ಗುಣ ಇಷ್ಟವಂತೆ. ಕೆಲಸದ ಮನುಷ್ಯ, ಮಾತು ಬೆಳೆಸುವುದಿಲ್ಲ.

ನನಗೆ ಮೈ ಉರಿಯಿತು. ಲೈಬ್ರರಿ ಮುಚ್ಚುವುದನ್ನೂ ಇವನು ಹೀಗೇ ಎರಡು ಉಸಿರಿನಲ್ಲಿ ಮುಗಿಸುತ್ತಾನೆ. ಓದಿಯೂ ನೋಡದೆ.

ಹೊರಗೆ ಬಂದು ಮೇಯರ್‌ಗೆ ಹೆಸರು ಕೊಟ್ಟೆ. ಮೂರು ನಿಮಿಷ. ಅಡಿಲೇಡಿಗೆ ಹೋಗುವ ಮುಂಚೆ ಒಂದು ಕೆಲಸ ಮುಗಿಸಿ ಹೋದ ಹಾಗಾಯಿತು, ಅಷ್ಟೇ.

ಮೇ 28, ಬುಧವಾರ

ಇದನ್ನು ಹೇಳಿಕೊಳ್ಳದಿದ್ದರೆ ನಿದ್ದೆ ಬರುವುದಿಲ್ಲ.

ಸಂಜೆ ಶೆಡ್ಡಿನ ಹಣ್ಣು ತೊಳೆಯುವ ಯಂತ್ರ ಕೆಟ್ಟು ನಿಂತಿತು. ಮನೆಗೆ ಹೋಗಿ ಎಂದರು. ಬುಧವಾರವಲ್ಲವೇ, ಅಮ್ಮನನ್ನು ಕರೆದುಕೊಂಡೇ ಹೋಗೋಣವೆಂದು ಲೈಬ್ರರಿಗೆ ಹೋದೆ. ಹೊರಗಿನ ದೀಪ ಆರಿತ್ತು, ಹಿಂಭಾಗದ ಕೋಣೆಯಲ್ಲಿ ಬೆಳಕಿತ್ತು. ಕಿಟಕಿಯಿಂದ ನೋಡಿದೆ.

ಮೇಜಿನ ಒಂದು ತುದಿಯಲ್ಲಿ ಡೆಲ್‌ವೀನ್. ಇತ್ತ ಅಮ್ಮ, ತಲೆ ಮೇಲೆ ಹಸಿರು ಚಾದರ. ಅವಳ ಪಕ್ಕದಲ್ಲಿ ರಸ್ ಟ್ರೆಲೋರ್.

ದೊಡ್ಡ ಅಕ್ಷರದ ತೆಳು ಪುಸ್ತಕ. ಅವನು ಸಾಲಿನ ಕೆಳಗೆ ಹೆಬ್ಬೆರಳು ಇಟ್ಟು ತಳ್ಳಿಕೊಂಡು ಹೋಗುತ್ತಿದ್ದ, ಮಣ್ಣಿನಲ್ಲಿ ಗಾಡಿ ತಳ್ಳಿದ ಹಾಗೆ. ಒಂದು ಪದಕ್ಕೆ ಬಂದು ನಿಂತುಬಿಟ್ಟ. ಕತ್ತು ಕೆಂಪಾಯಿತು. ಅಮ್ಮ ಬೆರಳ ಗೆಣ್ಣಿನಿಂದ ಮೇಜನ್ನು ಎರಡು ಸಲ ತಟ್ಟಿದಳು. ಅವನು ತಲೆಯಾಡಿಸಿ ಸಾಲಿನ ಮೊದಲಿಗೆ ಹೋದ. ಈ ಸಲ ದಾಟಿದ.

ನಾನು ಕಾರಿಗೆ ವಾಪಸು ಬಂದು ಕೂತೆ. ಬಾಗಿಲು ತೆರೆದಾಗ ಅಮ್ಮ ಒಬ್ಬಳೇ ಬಂದಳು. ಅವನು ಹಿಂದಿನ ಓಣಿಯಲ್ಲಿ ಗಾಡಿ ನಿಲ್ಲಿಸಿದ್ದಿರಬೇಕು.

"ಅಮ್ಮ, ಅವನು ಯಾರು?"

"ಯಾರು?"

"ನಿನ್ನ ಪಕ್ಕ ಕೂತಿದ್ದೋನು."

ಅಮ್ಮ ಸೀಟ್ ಬೆಲ್ಟ್ ಹಾಕಿಕೊಂಡಳು, ನಿಧಾನವಾಗಿ. "ಕಿಟಕೀಲಿ ಇಣುಕೋದು ಯಾವಾಗಿಂದ ಕಲಿತೆ?"

"ಹೇಳಮ್ಮ."

"ರಸ್. ನನ್ನ ಜೊತೆ ಓದ್ತಾನೆ. ಈಗ ಕೋಳಿ ಸಾಕೋ ಪುಸ್ತಕ ಓದ್ತಿದೀವಿ. ಅದ್ರಲ್ಲಿ ತುಂಬ ತಪ್ಪಿದೆ, ಮೊಟ್ಟೆಗೆ ಕೂತ ಕೋಳೀನ ಹಾಗೆಲ್ಲ ಎಬ್ಬಿಸಬಾರ್ದು ಅಂದೆ. ‘ಗುಲ್, ಓದೋದಷ್ಟೇ ನಮ್ಮ ಕೆಲ್ಸ, ತಿದ್ದೋದಲ್ಲ’ ಅಂತಾನೆ. ಒಳ್ಳೆಯವನು. ನನಗಿಂತ ಒಂದು ಪುಟ ಹಿಂದೆ."

"ಮೇಜು ತಟ್ಟಿದ್ದು?"

"ಒಬ್ರು ಸಿಕ್ಕಿಹಾಕ್ಕೊಂಡ್ರೆ ಇನ್ನೊಬ್ರು ಪದ ಹೇಳ್ಕೊಡಬಾರ್ದು. ಎರಡು ಸಲ ತಟ್ಟಬೇಕು. ಮೊದಲಿಂದ ಬಾ ಅಂತ."

"ಅಮ್ಮ, ಅವನು ಕೌನ್ಸಿಲರ್. ಲೈಬ್ರರಿ ಮುಚ್ಚಬೇಕು ಅಂತ ರೇಡಿಯೋದಲ್ಲಿ ಹೇಳಿದ್ನಲ್ಲ, ಅವನೇ."

ಸರ್ಕಲ್ ಹತ್ತಿರ ಬಂದಾಗ ಅಮ್ಮ, "ಆ ಕೋಣೆ ಮಾತು ಹೊರಗೆ ಹೇಳಲ್ಲ ಅಂತ ನಾವು ಒಪ್ಕೊಂಡಿದೀವಿ. ನೀನು ಕೇಳಿದ್ದಕ್ಕೆ ಇಷ್ಟು ಹೇಳ್ದೆ. ಇನ್ನು ಕೇಳಬೇಡ" ಎಂದಳು.

ರಬ್ಬರ್ ಬ್ಯಾಂಡ್ ಬಿಚ್ಚದ ಆ ಕಾಗದದ ಕಟ್ಟು ನೆನಪಾಯಿತು. ಅವನು ಓದುವುದಿಲ್ಲ ಅಂದುಕೊಂಡಿದ್ದೆ. ಅವನಿಗೆ ಓದಲು ಬರುವುದಿಲ್ಲ.

ಮೇ 29, ಗುರುವಾರ

ನನ್ನ ಮೂರು ನಿಮಿಷ ಈಗ ಹತ್ತು ಸೆಕೆಂಡಿನಲ್ಲಿ ಮುಗಿಯುತ್ತದೆ. ಎದ್ದು ನಿಂತು ಒಂದೇ ಮಾತು: "ಕೌನ್ಸಿಲರ್ ಟ್ರೆಲೋರ್, ನಿಮ್ಮ ಎದುರಿಗಿರುವ ನಿರ್ಣಯವನ್ನು ನೀವೇ ಓದಿ ಹೇಳಿ." ಆಮೇಲೆ ಕೂತುಬಿಟ್ಟರಾಯಿತು.

ಡೆಲ್‌ವೀನ್‌ಗೆ ಇದನ್ನು ಹೇಳಿದೆ. ಅವಳ ಕನ್ನಡಕ ಮೊದಲ ಸಲ ತಲೆಯಿಂದ ಮೂಗಿಗಿಳಿಯಿತು.

"ನೀನು ಏನನ್ನೂ ನೋಡಿಲ್ಲ" ಎಂದಳು.

"ನೋಡಿದೀನಿ."

"ಇಲ್ಲ. ಈ ಬಾಗಿಲೊಳಗೆ ಯಾರು ಬಂದ್ರು, ಏನು ಕೇಳಿದ್ರು ಅನ್ನೋದು ಬಾಗಿಲು ದಾಟಲ್ಲ. ಗಂಡನ್ನ ಬಿಡೋದು ಹೇಗೆ ಅಂತ ಪುಸ್ತಕ ಕೇಳಿದೋರಿದಾರೆ. ಎದೇಲಿ ಗಂಟು ಸಿಕ್ಕಿದ ದಿನ ಮೊದ್ಲು ಇಲ್ಲಿಗೆ ಬಂದೋರಿದಾರೆ. ಮಾರನೇ ದಿನ ಅವರ ಪಕ್ಕ ನಾನು ಬ್ರೆಡ್ ಕೊಳ್ಳೋಕೆ ನಿಂತಿರ್ತೀನಿ. ನನ್ನ ಮುಖ ನೋಡಿ ಅವರಿಗೆ ಮುಜುಗರ ಆಗಬಾರ್ದು."

"ಅವನು ನಿನ್ನ ಕೆಲ್ಸ ತೆಗೀತಿದಾನೆ. ನಿನಗೆ ಸಿಟ್ಟು ಬರಲ್ವಾ?"

"ಬರುತ್ತೆ. ಪ್ರತಿ ಬುಧವಾರ ಬರುತ್ತೆ. ಟೀ ಮಾಡ್ಕೊಡ್ತೀನಿ, ಓದಿಸ್ತೀನಿ." ಪುಸ್ತಕದ ಗಾಡಿಯನ್ನು ನಮ್ಮಿಬ್ಬರ ನಡುವೆ ಎಳೆದುಕೊಂಡಳು. "ಅವನ ಹೆಸರು ಹೇಳಿ ಉಳಿಸಿಕೊಂಡ್ರೆ ನಾಳೆಯಿಂದ ಇಲ್ಲಿ ಯಾರು ಬರ್ತಾರೆ, ಹೇಳು? ಗೋಡೆ ಉಳಿಯುತ್ತೆ, ಅಷ್ಟೇ."

ಬಾಗಿಲು ದೂಡಿಕೊಂಡು ಹೊರಗೆ ಬಂದೆ. ಸಿಟ್ಟು ಇನ್ನೂ ಇಳಿದಿಲ್ಲ.

ಜೂನ್ 2, ಸೋಮವಾರ

ಬೆಳಿಗ್ಗೆ ಅಮ್ಮ ಬೊಲಾನಿ ಲಟ್ಟಿಸುತ್ತಿದ್ದಳು. ಒಳಗೆ ಗಂದನ ಸೊಪ್ಪು, ಆಲೂಗಡ್ಡೆ. ನಾನು ಏನೂ ಕೇಳಿರಲಿಲ್ಲ. ಅವಳೇ, ಹಿಟ್ಟಿಗೆ ಹೇಳುವ ಹಾಗೆ ಹೇಳಿದಳು.

"ಅವನ ಹೆಂಡ್ತಿ ವಾಲ್ ಅಂತ. ಕೌನ್ಸಿಲ್ ಕಾಗದ ಬಂದಾಗೆಲ್ಲ ಊಟ ಆದ್ಮೇಲೆ ಕೂತು ಓದಿ ಹೇಳ್ತಿದ್ಳಂತೆ. ಅವನು ಕೇಳಿಸ್ಕೊಂಡು ಎಲ್ಲ ನೆನಪಿಟ್ಕೋತಿದ್ದ. ಅವಳು ಹೋಗಿ ಎರಡು ವರ್ಷ."

"ಅಮ್ಮ, ಕೇಳಬೇಡ ಅಂದಿದ್ದು ನೀನು."

"ನೀನು ಕೇಳಿಲ್ಲ, ನಾನು ಹೇಳಿಲ್ಲ. ಎಣ್ಣೆ ಕೊಡು."

ಎಣ್ಣೆ ಕೊಟ್ಟೆ. "ಮತ್ತೆ ಮುಚ್ಚು ಅಂತ ಯಾಕಂತಾನೆ?"

"ನಾಚಿಕೆ. ಲೈಬ್ರರಿ ಪರ ಮಾತಾಡಿದ್ರೆ, ನಿನಗ್ಯಾಕಪ್ಪಾ ಅದು ಅಂತ ಯಾರಾದ್ರೂ ಕೇಳ್ಬಿಟ್ರೆ? ನಾನು ಮೂವತ್ತು ವರ್ಷ, ಕನ್ನಡಕ ಮನೇಲಿ ಮರ್ತೆ ಅಂತ ಹೇಳ್ಕೊಂಡು ಬದುಕಿದೋಳು. ನಮ್ಮೂರಲ್ಲಿ ನನ್ನ ಹತ್ರ ಕನ್ನಡಕವೇ ಇರಲಿಲ್ಲ." ಬೊಲಾನಿ ತಿರುವಿಹಾಕಿದಳು. "ಈಗ ಔಷಧಿ ಬಾಟಲಿ ಮೇಲಿನದು ನಾನೇ ಓದ್ತೀನಿ. ನಿನ್ನ ಕೇಳಲ್ಲ. ಗಮನಿಸಿದ್ಯಾ?"

ಗಮನಿಸಿರಲಿಲ್ಲ. ಅದನ್ನು ಹೇಳುವಾಗ ಅವಳ ಕತ್ತು ನೆಟ್ಟಗಿತ್ತು.

ಝಹ್ರಾ ಫೋನು ಮಾಡಿದ್ದಳು. ಕೋಣೆಗೆ ಹೂಂ ಅನ್ನಬೇಕಂತೆ. ನಾಳೆ ಮಾಡುತ್ತೇನೆ ಎಂದೆ.

ಜೂನ್ 10, ಮಂಗಳವಾರ

ಭಾಷಣ ಕೂಡಿಬರುತ್ತಿಲ್ಲ. ಎಷ್ಟು ಪುಸ್ತಕ, ಎಷ್ಟು ಮಕ್ಕಳು, ಎಷ್ಟು ಕಂಪ್ಯೂಟರ್ ಎಂದು ಬರೆದುಕೊಂಡಿದ್ದೆ. ಮನೋಲಿಸ್ ಕೇಳಿಸಿಕೊಂಡು ಆಕಳಿಸಿದ.

"ಇದನ್ನ ಅವರು ಈಗಾಗ್ಲೇ ನೋಡಿದಾರೆ, ಪುಟ್ಟೀ. ನೋಡೇ ಮುಚ್ತೀವಿ ಅಂದಿದ್ದು."

"ಮತ್ತೇನು ಹೇಳ್ಲಿ?"

"ನನಗೇನು ಗೊತ್ತು. ನಾನು ತೋಟದವನು." ಸ್ವಲ್ಪ ಹೊತ್ತು ಪೇಪರ್ ಮಡಚಿದ, ಬಿಚ್ಚಿದ. "ನಾನು ಬಂದಾಗ ನನ್ನ ಜಮೀನು ಬರೀ ಕೆಂಪು ಮರಳು. ಮೊಲ ಕೂಡ ಬೇರೆ ದಾರಿ ಹಿಡೀತಿತ್ತು. ನದಿ ಅಲ್ಲಿ ಕೆಳಗೆ. ಸರ್ಕಾರದ ಪಂಪ್ ಇತ್ತು, ಕಾಲುವೆ ಇತ್ತು. ಪೈಪ್ ಒಂದೇ ನಂದು. ಈಗ ಎಲ್ಲರೂ ನನ್ನ ಬೆವರು, ನನ್ನ ಕಿತ್ತಳೆ ಅಂತಾರೆ. ನಾನೂ ಅಂತೀನಿ. ಮದುವೆ ಮನೇಲಿ ಕುಡಿದಾಗ ಜಾಸ್ತಿ ಅಂತೀನಿ."

"ಅದನ್ನೇ ಹೇಳ್ತೀನಿ."

"ಕುಡಿದಿದ್ದು ಬೇಡ."

ಶೆಡ್ಡಿನಲ್ಲಿ ಹಣ್ಣು ಆರಿಸುತ್ತ ಆರಿಸುತ್ತ ಇಡೀ ಭಾಷಣ ಬಾಯಿಗೆ ಬಂತು. ಸೇಲಿಗೆ ಎರಡು ಸಲ ಹೇಳಿ ತೋರಿಸಿದೆ. ಎರಡನೇ ಸಲ ಅವಳು ನಗಲಿಲ್ಲ.

ಜೂನ್ 16, ಸೋಮವಾರ

ನಾಳೆ. ಭಾಷಣ ಇದೆ. ಆ ಹತ್ತು ಸೆಕೆಂಡಿನ ಮಾತೂ ಇದೆ, ನಾಲಿಗೆ ತುದಿಯಲ್ಲೇ ಕೂತಿದೆ. ಲೆಕ್ಕದ ಪ್ರಕಾರ ನಾಲ್ಕು ಜನ ನಮ್ಮ ಕಡೆ, ನಾಲ್ಕು ಜನ ಆ ಕಡೆ, ರಸ್ ಒಬ್ಬ. ಅವನು ಒಬ್ಬ ಮುಖ ತಗ್ಗಿಸಿದರೆ ಆ ಕಡೆ ಐದು ಮತ ಆಗುವುದಿಲ್ಲ, ನಮ್ಮ ಲೈಬ್ರರಿ ಉಳಿಯುತ್ತದೆ.

ಡೆಲ್‌ವೀನ್‌ಗೆ ಈ ಮಾತು ಬೇಡ. ಅಮ್ಮನಿಗೂ ಬೇಡ. ಆದರೆ ಮಾತಾಡುವವಳು ನಾನು.

ಅಮ್ಮ ತನ್ನ ಒಳ್ಳೆಯ ಚಾದರ ಇಸ್ತ್ರಿ ಮಾಡಿಟ್ಟಿದ್ದಾಳೆ. ತಾನೂ ಬರುತ್ತಾಳಂತೆ.

ಜೂನ್ 17, ಮಂಗಳವಾರ

ಮನೆಗೆ ಬಂದು ಗಂಟೆಗಳಾದವು. ಕಾರಿನಿಂದ ಇಳಿಯಲು ಮನಸ್ಸಿಲ್ಲ. ಎಲ್ಲವನ್ನೂ ಒಂದು ಸಲ ಹೇಳಿಕೊಳ್ಳುತ್ತೇನೆ, ಆಮೇಲೆ ಒಳಗೆ.

ಕೌನ್ಸಿಲ್ ಕೋಣೆಯಲ್ಲಿ ಕೂರಲು ಜಾಗವಿರಲಿಲ್ಲ. ಮಡಚುವ ಕುರ್ಚಿಗಳು ವರಾಂಡದವರೆಗೆ. ಪಾಳಿ ಬಿಟ್ಟು ಸೇಲಿ ಬಂದಿದ್ದಳು, ಅವಳ ಹಿಂದೆ ಚರ್ಚಿನ ಗಾಯಕರಲ್ಲಿ ಅರ್ಧ ಜನ. ಡೆಲ್‌ವೀನ್ ಕೊನೆಯ ಸಾಲಿನಲ್ಲಿ, ಕೈ ಮಡಿಲಲ್ಲಿಟ್ಟು, ಯಾರ ಕಡೆಯೂ ಅಲ್ಲದವಳ ಹಾಗೆ ಕೂತಿದ್ದಳು. ಅಮ್ಮ ನನ್ನ ಪಕ್ಕ, ಮೊದಲ ಸಾಲಿನಲ್ಲಿ. ರಸ್ ಒಳಗೆ ಬಂದು ಅಮ್ಮನನ್ನು ನೋಡಿದ. ಅಮ್ಮ ಬೇರೆ ಎಲ್ಲಿಗೋ ನೋಡಿದಳು. ಅಪರಿಚಿತರನ್ನು ನೋಡುವಷ್ಟೇ ಮರ್ಯಾದೆಯಿಂದ.

ಮೇಯರ್ ಮೊದಲೇ ಹೇಳಿದರು. "ಚಪ್ಪಾಳೆ ಇಲ್ಲ, ಕೂಗೋದಿಲ್ಲ, ಬೋರ್ಡು ಹಿಡಿಯೋ ಹಾಗಿಲ್ಲ. ಮನೋಲಿಸ್, ನಿನಗೇ ಹೇಳ್ತಿರೋದು."

ನನ್ನ ಹೆಸರು ಕರೆದರು. ಎದ್ದೆ.

"ನದಿ ಕೆಳಗಿದೆ, ನಿಮ್ಮ ತೋಟ ಮೇಲಿದೆ" ಎಂದೆ. "ನೀರು ತಾನಾಗೇ ಹತ್ತಿ ಬಂದಿಲ್ಲ. ಸರ್ಕಾರ ಪಂಪ್ ಹಾಕ್ತು, ಕಾಲುವೆ ತೆಗೀತು. ಅವರವರ ಪಂಪ್ ಅವರವರೇ ಹಾಕ್ಕೊಳ್ಳಲಿ ಅಂದಿದ್ರೆ ದೊಡ್ಡವರ ಒಂದೆರಡು ತೋಟ ಇರ್ತಿತ್ತು, ಊರು ಇರ್ತಿರಲಿಲ್ಲ. ಪಂಪ್ ನೋಡೋಕೆ ಈ ವರ್ಷ ಎಷ್ಟು ಜನ ಬಂದ್ರು ಅಂತ ನೀವು ಯಾವತ್ತೂ ಕೇಳಿಲ್ಲ. ಹಣ್ಣು ನೋಡ್ತೀರಿ. ಲೈಬ್ರರಿಯಿಂದ ಎಷ್ಟು ಪುಸ್ತಕ ಹೊರಗೆ ಹೋಯ್ತು ಅಂತ ಮಾತ್ರ ಕೇಳ್ತೀರಿ."

ಒಬ್ಬ ಕೌನ್ಸಿಲರ್ ಗಡಿಯಾರ ನೋಡಿದ. ರಸ್ ನೋಡಲಿಲ್ಲ.

"ಲಾಕರ್ ಇಡ್ತೀರಂತೆ. ಹೆಸರು ಗೊತ್ತಿರೋ ಪುಸ್ತಕ ಅದು ಕೊಡುತ್ತೆ. ಏನು ಕೇಳ್ಬೇಕು ಅಂತಾನೇ ಗೊತ್ತಿಲ್ದೆ ಬರೋರಿಗೆ ಏನು ಕೊಡುತ್ತೆ? ಅಲ್ಲಿಗೆ ಮೈ ಕಾಯಿಸ್ಕೊಳ್ಳೋಕೆ ಬರ್ತಾರೆ ಅಂತ ರೇಡಿಯೋದಲ್ಲಿ ಕೇಳ್ದೆ. ಹೌದು, ನಾನು ಹಾಗೇ ಬಂದೋಳು. ಬೆಚ್ಚಗಾದ ಮೇಲೆ ಕೈಗೆ ಸಿಕ್ಕಿದ ಪುಸ್ತಕ ತೆಗೆದೆ. ಇವತ್ತು ನಿಮ್ಮ ಮುಂದೆ ನಿಮ್ಮ ಭಾಷೇಲಿ ಜಗಳ ಆಡ್ತಿದೀನಿ. ಇದು ಆ ಹೀಟರಿನ ಫಲ. ನನಗೆ ಅದ್ರ ಬಗ್ಗೆ ನಾಚಿಕೆ ಇಲ್ಲ, ಹೆಮ್ಮೆ ಇದೆ."

ಇನ್ನೂ ಅರ್ಧ ನಿಮಿಷವಿತ್ತು. ಆ ಮಾತು ನಾಲಿಗೆಯ ಮೇಲೆ ಬಂದು ಕೂತಿತು. ರಸ್ ಕಡೆ ನೋಡಿದೆ. ಅವನ ಮುಂದಿನ ಕಾಗದಕ್ಕೆ ರಬ್ಬರ್ ಬ್ಯಾಂಡ್ ಇರಲಿಲ್ಲ. ಒಂದು ಹಾಳೆ ಹೊರಗಿತ್ತು, ಅಂಚು ಮುದುರಿ ಮೆತ್ತಗಾಗಿತ್ತು, ಬಹಳ ದಿನ ಜೇಬಿನಲ್ಲಿದ್ದ ಹಾಗೆ. ಅವನು ನನ್ನನ್ನೇ ನೋಡುತ್ತಿದ್ದ. ಅಮ್ಮನ ಪಕ್ಕದಿಂದ ಎದ್ದವಳು ನಾನು, ನನಗೆ ಗೊತ್ತು ಎಂಬುದು ಅವನಿಗೆ ಗೊತ್ತಿತ್ತು. ಬರುವ ಏಟಿಗೆ ಮುಖ ಗಟ್ಟಿ ಮಾಡಿಕೊಂಡಿದ್ದ.

"ಅಲ್ಲಿಗೆ ಇನ್ನೂ ಯಾರು ಯಾರು ಬರ್ತಾರೆ, ಯಾಕೆ ಬರ್ತಾರೆ ಅಂತ ನಾನು ಹೇಳಲ್ಲ" ಎಂದೆ. "ಅಲ್ಲಿ ಯಾರೂ ಅದನ್ನ ಹೇಳಲ್ಲ. ಊರಿನ ದುಡ್ಡಲ್ಲಿ ನಡೆಯೋ ಜಾಗ, ಒಳಗೆ ಬಂದೋರನ್ನ ಯಾಕೆ ಬಂದೆ ಅಂತ ಕೇಳಲ್ಲ. ಅಂಥಾದ್ದು ಈ ಊರಲ್ಲಿ ಇನ್ನೊಂದಿದ್ರೆ ತೋರಿಸಿ, ಲೈಬ್ರರಿ ಮುಚ್ಚಿ."

ಕೂತೆ. ಚಪ್ಪಾಳೆ ಇರಲಿಲ್ಲ. ಹಿಂದೆ ಏನೋ ಸರಸರ ಸದ್ದಾಯಿತು. ತಿರುಗಿ ನೋಡಿದರೆ ಎಲ್ಲರೂ ಲೈಬ್ರರಿ ಕಾರ್ಡ್ ತೆಗೆದು ತಲೆಯ ಮೇಲೆ ಹಿಡಿದಿದ್ದರು. ಗೋಡೆಯಿಂದ ಗೋಡೆಗೆ ಹಳದಿ ಕಾರ್ಡು. ಮನೋಲಿಸ್ ಹಿಡಿದದ್ದು ಮಾತ್ರ ಬೌಲಿಂಗ್ ಕ್ಲಬ್ಬಿನ ಊಟದ ಕಾರ್ಡು, ಆತುರದಲ್ಲಿ ಅದೇ ಸಿಕ್ಕಿತಂತೆ.

"ಕಾರ್ಡ್ ಬಗ್ಗೆ ನಿಯಮ ಇಲ್ಲ" ಎಂದು ಗುಮಾಸ್ತೆ ಮೇಯರ್ ಕಿವಿಯಲ್ಲಿ ಹೇಳಿದ್ದು ಮೈಕಿನಲ್ಲಿ ಎಲ್ಲರಿಗೂ ಕೇಳಿಸಿತು.

ಮೇಯರ್ ಕನ್ನಡಕ ಏರಿಸಿದರು. ಎರಡು ನಿರ್ಣಯಗಳಿವೆ, ಒಂದು ಮುಚ್ಚುವುದು, ಇನ್ನೊಂದು ಉಳಿಸುವುದು, ಯಾರು ಯಾವುದನ್ನು ಮಂಡಿಸುತ್ತೀರಿ ಎಂದರು. ರಸ್ ಕೈ ಎತ್ತಿದ.

"ಎರಡನೇದು" ಎಂದ.

ಅವನ ಪಕ್ಕದವನು ಕುರ್ಚಿಯಲ್ಲಿ ತಿರುಗಿದ. "ರಸ್, ಎರಡನೇದು ಉಳಿಸೋದು ಕಣೋ."

"ಗೊತ್ತಪ್ಪಾ."

ಮೇಯರ್ ತಡವರಿಸಿದರು. "ಸರಿ. ಹಾಗಾದ್ರೆ... ಓದಿದೆ ಎಂದು ಭಾವಿಸೋಣವಾ, ರಸ್?"

"ಬೇಡ ಮೇಯರ್" ಎಂದ. "ಓದ್ತೀನಿ."

ಎದ್ದು ನಿಂತ. ಅವನು ನಿಂತು ಮಾತಾಡುವುದಿಲ್ಲವಂತೆ, ಯಾವತ್ತೂ. ಮುದುರಿದ ಹಾಳೆ ಮುಂದೆ ಹಿಡಿದ. ಹೆಬ್ಬೆರಳು ಸಾಲಿನ ಕೆಳಗೆ ಬಂತು.

"ಯಾರಂಬಿ... ಲೈಬ್ರರಿಯನ್ನು... ಈಗಿರುವ ಜಾಗದಲ್ಲಿಯೇ... ಈಗಿರುವ ಹೊತ್ತಿನಂತೆಯೇ..."

ಹೆಂಡತಿ ನೆನಪಾಗಿ ಗಂಟಲು ಕಟ್ಟಿದೆ ಎಂದು ಕೆಲವರು ಅಂದುಕೊಂಡರಂತೆ, ಆಮೇಲೆ ಹಾಗೆ ಹೇಳುತ್ತಿದ್ದರು. ಅವನು ನಿಧಾನವಾಗಿ ಹೋಗುತ್ತಿದ್ದ, ಮಣ್ಣಿನಲ್ಲಿ ಗಾಡಿ ತಳ್ಳಿದ ಹಾಗೆ. ರಾಜ್ಯ ಸರ್ಕಾರ ತನ್ನ ಪಾಲನ್ನು ಹೆಚ್ಚಿಸಬೇಕೆಂದು ಈ ಕೌನ್ಸಿಲ್ ಕೇಳಬೇಕು ಎಂಬಲ್ಲಿಗೆ ಬಂದ. ಅಲ್ಲಿ ನಿಂತುಬಿಟ್ಟ.

ಕತ್ತು ಕೆಂಪಾಗತೊಡಗಿತು. ಹೆಬ್ಬೆರಳು ಅಲ್ಲೇ ಇತ್ತು. ಪಕ್ಕದವನು ಸಹಾಯಕ್ಕೆಂದು ಹಾಳೆಯ ಕಡೆ ಬಾಗಿದ.

ನನ್ನ ಪಕ್ಕದಲ್ಲಿ ಕುರ್ಚಿಯ ಮರದ ತೋಳಿನ ಮೇಲೆ ಎರಡು ಸಲ ಸದ್ದಾಯಿತು. ಟಕ್ ಟಕ್. ಅಮ್ಮ ಎದುರಿನ ಗೋಡೆಯನ್ನೇ ನೋಡುತ್ತಿದ್ದಳು.

ರಸ್ ತಲೆಯಾಡಿಸಿದ. ಪಕ್ಕದವನನ್ನು ಮೊಣಕೈಯಿಂದ ಆಚೆ ತಳ್ಳಿದ. ಸಾಲಿನ ಮೊದಲಿಗೆ ಹೋಗಿ ಮತ್ತೆ ಶುರು ಮಾಡಿದ, ಈ ಸಲ ದಾಟಿದ, ಕೊನೆಯವರೆಗೂ ಓದಿದ. ಕೂತ. ಹಾಳೆಯನ್ನು ಮಡಚಿ ಜೇಬಿಗಿಟ್ಟ.

ಐದು, ನಾಲ್ಕು. ನಮ್ಮ ಲೈಬ್ರರಿ ಉಳಿಯಿತು.

ಆಮೇಲೆ ಸದ್ದು, ಅಪ್ಪುಗೆ, ಮೇಯರ್ ಬಡಿಯುತ್ತಿದ್ದ ಸುತ್ತಿಗೆ. ಸೇಲಿಯ ಗಾಯಕರು ವರಾಂಡದಲ್ಲಿ ಹಾಡಿಯೇಬಿಟ್ಟರು. ಡೆಲ್‌ವೀನ್ ಯಾರಿಗೂ ಏನೂ ಹೇಳದೆ ಕುರ್ಚಿಗಳನ್ನು ಮಡಚುತ್ತಿದ್ದಳು. ನಾನು ಹೋಗಿ ಪಕ್ಕದಲ್ಲಿ ನಿಂತೆ. ಕನ್ನಡಕ ಒರೆಸಿಕೊಂಡು ತಲೆಗೇರಿಸಿದಳು. "ನಾಳೆ ಅಡುಗೆ ಪುಸ್ತಕ ಎಲ್ಲ ಮತ್ತೆ ಜೋಡಿಸ್ಬೇಕು, ಬರ್ತೀಯಾ?" ಎಂದಳು. ಬರುತ್ತೇನೆ ಎಂದೆ.

ಹೊರಗೆ ರಸ್ ಗಾಡಿ ಹತ್ತಿರ ನಿಂತಿದ್ದ. ನನ್ನನ್ನು ನೋಡಿ ಟೋಪಿ ಮುಟ್ಟಿಕೊಂಡ.

"ಪಂಪಿನ ಮಾತು ಚೆನ್ನಾಗಿತ್ತು, ಮಗಳೇ."

"ನೀವೂ ಚೆನ್ನಾಗಿ ಓದಿದ್ರಿ" ಎಂದೆ. ಬೇರೆ ಯಾರೇ ಹೇಳಿದ್ದರೂ ಅದು ಸುಮ್ಮನೆ ಒಂದು ಮಾತು. ಅವನು ಬಹಳ ಹೊತ್ತು ಕೀಲಿಕೈ ಹುಡುಕಿದ. ಅದು ಕೈಯಲ್ಲೇ ಇತ್ತು.

ಜೂನ್ 18, ಬುಧವಾರ

ಇವತ್ತು ಸೇಲಿ ನನ್ನ ಪಾಳಿ ತೆಗೆದುಕೊಂಡಳು, ನಿನ್ನೆಯ ಖುಷಿಗಂತೆ. ಅಮ್ಮನನ್ನು ಲೈಬ್ರರಿಗೆ ನಾನೇ ಬಿಟ್ಟೆ. ದಾರಿಯುದ್ದಕ್ಕೂ ಅವಳ ಮುಖ ಬಿಗಿಯಾಗಿತ್ತು.

"ಏನಾಯ್ತಮ್ಮ? ಗೆದ್ದಿದೀವಲ್ಲ."

"ಗೆದ್ದೆವು. ಅದಲ್ಲ." ಚಾದರದ ಅಂಚು ಸರಿ ಮಾಡಿಕೊಂಡಳು. "ನಿನ್ನೆ ಅವನು ಓದಿದ ಹಾಳೆ. ಅದ್ರಲ್ಲಿದ್ದ ಅರ್ಧಕ್ಕರ್ಧ ಪದ ನಾವಿನ್ನೂ ಓದೇ ಇಲ್ಲ. ನಾವು ಓದಿರೋದು ಕೋಳಿ, ಮೊಟ್ಟೆ, ಬೇಲಿ. ಅಂದ್ರೆ ಅವನು ಮನೇಲಿ ಒಬ್ನೇ ಕೂತು ಓದ್ಕೊಂಡಿದಾನೆ. ಎಷ್ಟೋ ದಿನದಿಂದ. ನನಗೆ ಹೇಳ್ದೆ."

"ಅದಕ್ಕೆ ಸಿಟ್ಟಾ?"

"ನನಗಿಂತ ಒಂದು ಪುಟ ಹಿಂದೆ ಇದ್ದೋನು ಕಣೇ ಅವನು."

ಲೈಬ್ರರಿ ಮುಂದೆ ಕಾರು ನಿಲ್ಲಿಸಿದೆ. ರಸ್ ಗಾಡಿ ಹಿಂದಿನ ಓಣಿಯಲ್ಲಿರಲಿಲ್ಲ. ಮುಂಬಾಗಿಲಲ್ಲೇ, ರಸ್ತೆ ದೀಪದ ಕೆಳಗೇ ನಿಂತಿತ್ತು. ಅಮ್ಮ ಅದನ್ನು ನೋಡಿ ಹುಬ್ಬೇರಿಸಿದಳು. ಇಳಿದು, ಬಾಗಿಲು ಮುಚ್ಚುವ ಮುಂಚೆ ಬಾಗಿ ಕೈ ಚಾಚಿದಳು.

"ನಿನ್ನೆ ಸಭೇಲಿ ಹಂಚಿದ ಆ ಕೌನ್ಸಿಲ್ ಕಾಗದ ನಿನ್ನ ಹತ್ರ ಇದೆಯಲ್ಲ, ಕೊಡು ಇಲ್ಲಿ. ಕೋಳಿ ಪುಸ್ತಕ ಇವತ್ತಿಗೆ ಸಾಕು."

ಕೊಟ್ಟೆ. ನೆಟ್ಟಗೆ ಕತ್ತೆತ್ತಿಕೊಂಡು ಒಳಗೆ ಹೋದಳು, ಜಗಳಕ್ಕೆ ಹೊರಟವಳ ಹಾಗೆ.

ನಾನು ಕಾಯುತ್ತ ಕೂತೆ. ಝಹ್ರಾ ಮೂರು ಸಲ ಫೋನು ಮಾಡಿದ್ದಾಳೆ, ಕೋಣೆ ಬೇಕೋ ಬೇಡವೋ ಎಂದು. ಅವಳಿಗೆ ಹೇಳಬೇಕು. ನಾಳೆ ಹೇಳುತ್ತೇನೆ. ನಾಳೆ ಬೆಳಿಗ್ಗೆ ಬೇಡ, ಡೆಲ್‌ವೀನ್ ಜೊತೆ ಪುಸ್ತಕ ಜೋಡಿಸುವುದು ಇನ್ನೂ ಮುಗಿದಿಲ್ಲ. ಮುಂದಿನ ವಾರ ಮನೋಲಿಸ್‌ಗೆ ಕಾರ್ಡ್ ಮಾಡಿಸಬೇಕು. ಇಷ್ಟು ವರ್ಷ ಬರುತ್ತಿದ್ದಾನೆ, ಅವನ ಹತ್ತಿರ ಕಾರ್ಡೇ ಇಲ್ಲವಂತೆ.

ಹಿಂದಿನ ಕೋಣೆಯ ಕಿಟಕಿ ಇಲ್ಲಿಗೆ ಕಾಣುತ್ತದೆ. ನಾನು ನೋಡಲಿಲ್ಲ. ಕಾರಿನ ಗಾಜು ಇಳಿಸಿದ್ದೆ, ಸದ್ದು ಮಾತ್ರ ಕೇಳುತ್ತಿತ್ತು, ಆಗಾಗ, ಒಂದು ಸಲ ಅವಳದು, ಒಂದು ಸಲ ಅವನದು. ಟಕ್ ಟಕ್.